ಮೊದಲ ಕರೆಗೇ ಬಂದ ‘ಓ’

ದೆವ್ವ, ಪೀಡೆ ಎಂದರೆ ನಾನು ನಗುತ್ತಿದ್ದವನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನಗು ಮಾತ್ರ ಬರುವುದಿಲ್ಲ ಸ್ವಾಮಿ.

ಎಪ್ಪತ್ತರ ದಶಕದ ಕೊನೆ. ಅರಸೀಕೆರೆಯ ಹೊರಗೆ ಬಾಟಲಿ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನನಗೆ ಗಾಜು ಕರಗಿಸುವ ಕುಲುಮೆಯ ಕೆಲಸ. ಈ ಕುಲುಮೆಗೆ ಒಂದೇ ಕಡೆಯಿಂದ ಬೆಂಕಿ ಕೊಡುತ್ತಾ ಕೂರುವಂತಿಲ್ಲ. ಆ ಕಡೆಯ ಇಟ್ಟಿಗೆ ಕರಗುತ್ತದೆ, ಈ ಕಡೆಯ ಗಾಜು ಹದಕ್ಕೆ ಬರುವುದಿಲ್ಲ. ಆದ್ದರಿಂದ ಆಗಾಗ ಲಿವರ್ ಎಳೆದು ಉರಿಯನ್ನು ಒಂದು ಮಗ್ಗುಲಿಂದ ಇನ್ನೊಂದಕ್ಕೆ ತಿರುಗಿಸಬೇಕು. ಎಳೆಯುವವನು ನಾನು. ಆಚೆ ಮಗ್ಗುಲಲ್ಲಿ, ನನ್ನ ಕಣ್ಣಿಗೆ ಬೀಳದ ಓಣಿಯಲ್ಲಿ ನಿಂತು, ಕಿಂಡಿ ತೆಗೆದು ಕಾವು ನೋಡುವವನು ಹಗರೆಯ ಸಿದ್ದಪ್ಪ. ಉರಿ ಅವನ ಕಡೆ ತಿರುಗಿದೊಡನೆ ತೆರೆದ ಕಿಂಡಿಯಿಂದ ಜ್ವಾಲೆ ಮಾರುದ್ದ ಹೊರಚಾಚುತ್ತಿತ್ತು. ಹಾಗಾಗಿ ಮೊದಲು ನಾನು ಅವನ ಹೆಸರು ಕೂಗಬೇಕು. ಅವನು ಕಿಂಡಿ ಮುಚ್ಚಿ, ಪಕ್ಕಕ್ಕೆ ಸರಿದು ‘ಓ’ ಅನ್ನಬೇಕು. ಆಮೇಲೆಯೇ ಎಳೆಯುವುದು.

ಸಿದ್ದಪ್ಪನದೊಂದು ಚಾಳಿ. ದೀಪ ಹಚ್ಚುವ ಹೊತ್ತಾಯಿತೆಂದರೆ ಮೂರು ಸಲ ಕರೆಯದೆ ಓಗೊಡುತ್ತಿರಲಿಲ್ಲ. ಒಂದೇ ಸಲ ಕರೆಯುವುದು ಪೀಡೆ, ಅದಕ್ಕೆ ಓ ಅಂದರೆ ಜೀವ ಹೋಗುತ್ತದೆ ಎಂದು ಅವನ ಅವ್ವ ಹೇಳಿಕೊಟ್ಟಿದ್ದಳಂತೆ.

“ಏನ್ಲಾ, ನಿಮ್ಮೂರ ಪೀಡೆಗೆ ಮೂರರ ತನಕ ಎಣಿಸೋಕೂ ಬರಲ್ವಾ?” ಎಂದು ರೇಗಿಸುತ್ತಿದ್ದೆ.

“ನಕ್ಕೋ ನಕ್ಕೋ. ಹೋಗೋದು ನನ್ನ ಜೀವ ಕಣ್ಲಾ” ಅನ್ನುತ್ತಿದ್ದ.

ಅವತ್ತು ಮುಸ್ಸಂಜೆ. ನನ್ನ ಕಡೆಯ ಇಟ್ಟಿಗೆ ಬೆಳ್ಳಗೆ ಕಾದಿತ್ತು. ಇನ್ನು ತಡಮಾಡಿದರೆ ಕುಲುಮೆಯ ಕಮಾನೇ ಕುಸಿಯುತ್ತದೆ ಎಂದು ನಮ್ಮ ಮೇಸ್ತ್ರಿ ಕಿರುಚುತ್ತಿದ್ದರು. “ಸಿದ್ದಪ್ಪಾ!” ಎಂದು ಕೂಗಿದೆ.

“ಓ!”

ಅವನದೇ ದನಿ. ಲಿವರ್ ಹಿಡಿದು ಮೈಭಾರ ಹಾಕಲು ಹೊರಟವನಿಗೆ ತಟ್ಟನೆ ಹೊಳೆಯಿತು: ನಾನು ಕರೆದದ್ದು ಒಂದೇ ಸಲ. ಎಳೆಯದೆ ತಡೆದೆ. ಮತ್ತೆ ಕರೆದೆ. ಇಲ್ಲ. ಮೂರನೆಯ ಸಲ ಕರೆದೆ. ಉಹೂಂ.

“ಎಳಿಯೋ, ಏನ್ ನೋಡ್ತಾ ನಿಂತೆ!” ಎಂದು ಮೇಸ್ತ್ರಿ ಗದರಿದರು. ನಾನು ಲಿವರ್ ಬಿಟ್ಟು ಆಚೆಗೆ ಓಡಿದೆ.

ಸಿದ್ದಪ್ಪ ಝಳಕ್ಕೆ ತಲೆ ಸುತ್ತಿ, ತೆರೆದ ಕಿಂಡಿಗೆ ಎದುರಾಗಿ ಗೋಡೆಗೊರಗಿ ಕುಸಿದಿದ್ದ. ಕಣ್ಣು ಬಿಟ್ಟೇ ಇದ್ದ, ತುಟಿ ಒಣಗಿ ಅಂಟಿಕೊಂಡಿತ್ತು. ದರದರನೆ ಎಳೆದು ಹೊರಗೆ ತಂದೆ. ಹಿಂದೆಯೇ ಬಂದ ಮೇಸ್ತ್ರಿ ಕಿಂಡಿ ಮುಚ್ಚಿ, ಹೋಗಿ ತಾವೇ ಉರಿ ತಿರುಗಿಸಿದರು.

ನೀರು ಕುಡಿಸಿದ ಮೇಲೆ ಕೇಳಿದೆ, “ಓ ಅಂದಿದ್ದು ನೀನೇ ತಾನೆ?”

“ನಾನಲ್ಲ ಕಣ್ಲಾ. ಬಾಯಿ ಬಿಡಕ್ಕೇ ಆಗ್ಲಿಲ್ಲ ನಂಗೆ. ಆದ್ರೆ ನಂಗೂ ಕೇಳ್ತು. ನನ್ನ ದನೀನೇ. ನನ್ನ ಕಿವಿ ಪಕ್ಕದಾಗೇ ಬಂತು.”

ಓಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಮತ್ತೆ ಕೆಲಸಕ್ಕೆ ಬರಲಿಲ್ಲ.

ಕುಲುಮೆಯ ಮೊರೆತಕ್ಕೆ ಹಾಗೆ ಕೇಳಿಸಿರಬೇಕು ಅಂದವರುಂಟು. ಇಬ್ಬರಿಗೂ ಒಂದೇ ರೀತಿ ಕೇಳಿಸುತ್ತದೆಯೇ? ಅವನನ್ನು ಉಳಿಸಲೆಂದು ಯಾವುದಾದರೂ ದೈವ ಕೂಗಿದ್ದರೆ ಕೈಮುಗಿದು ಸುಮ್ಮನಾಗುತ್ತಿದ್ದೆ. ಆದರೆ ನಮ್ಮ ಕೆಲಸದಲ್ಲಿ ‘ಓ’ ಅಂದರೆ ಅರ್ಥ ಒಂದೇ: ಎಳಿ. ಸಿದ್ದಪ್ಪನನ್ನು ನನ್ನ ಕೈಯಿಂದಲೇ ಸುಡಿಸಲು ಹೊರಟದ್ದು ಯಾರು, ನನಗೆ ಇವತ್ತಿಗೂ ಗೊತ್ತಿಲ್ಲ.