ಕೆಂಚನ ಕಣ್ಣು

ಕಳೆದ ವಾರ ಧಾರವಾಡದ ನನ್ನ ಬಾಡಿಗೆ ಕೋಣೆಯಲ್ಲಿ ಒಗ್ಗರಣೆಗೆ ಎರಡು ಒಣಮೆಣಸಿನಕಾಯಿ ಮುರಿದು ಹಾಕಿದೆ. ಎಣ್ಣೆ ಹೆಚ್ಚು ಕಾದಿತ್ತು. ಘಾಟು ಎದ್ದು ನನಗೆ ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು ಬಂತು. ಒಲೆ ಆರಿಸಿ ಕಿಟಕಿಯ ಹತ್ತಿರ ನಿಂತಾಗ ಹೊಳೆಯಿತು: ಊರು ಬಿಟ್ಟು ಬಹಳ ದಿನವಾಗಿದೆ. ಬ್ಯಾಡಗಿಯ ನಮ್ಮ ಮನೆಯಲ್ಲಿ ಘಾಟು ಎಂಬುದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಹಿತ್ತಲಿಗೆ ಹೊಂದಿಕೊಂಡು ತಗಡಿನ ಒಂದು ಉದ್ದನೆಯ ಶೆಡ್ಡು ಇತ್ತು. ಸಂಕ್ರಾಂತಿಯ ಹೊತ್ತಿಗೆ ಅದರ ತುಂಬ ಮೆಣಸಿನಕಾಯಿ ಚೀಲಗಳು. ಓಣಿಯ ಹೆಂಗಸರು ಸಾಲಾಗಿ ಕುಳಿತು ತೊಟ್ಟು ಮುರಿಯುತ್ತ ಹರಟೆ ಹೊಡೆಯುತ್ತಿದ್ದರು. ಕೆಂಪು ಧೂಳು ಕಿಟಕಿಯ ಸರಳಿನ ಮೇಲೆ, ನನ್ನ ಶಾಲೆಯ ಪಾಟೀಚೀಲದಲ್ಲಿ, ಮಡಿಸಿಟ್ಟ ಕೌದಿಯ ಒಳಗೆ ಇರುತ್ತಿತ್ತು. ನೆಂಟರು ಹೊಸ್ತಿಲು ದಾಟುವ ಮೊದಲೇ ಸೀನುತ್ತಿದ್ದರು. "ಬರ್ರಿ ಬರ್ರಿ, ಸೀನು ಕೇಳಿದ ಮ್ಯಾಲ ಬಾಗಲಾ ಬಡಿಯೂದು ಬ್ಯಾಡ್ರಿ" ಎಂದು ಅಜ್ಜ ಒಳಗಿನಿಂದಲೇ ಕೂಗುತ್ತಿದ್ದ. ನಾವು ಮನೆಯವರು ಐದು ಜನ, ಅಜ್ಜ, ಅಪ್ಪ, ಅವ್ವ, ಅಪ್ಪನ ತಮ್ಮ ಈರಣ್ಣ ಕಾಕಾ ಮತ್ತು ನಾನು, ಸೀನಿದ್ದು ನನಗೆ ನೆನಪಿಲ್ಲ.

ಆರನೆಯವನು ರಾಜಾ. ಅಜ್ಜನ ನಾಯಿ. ನನಗೆ ಹತ್ತು ವರ್ಷವಿದ್ದಾಗ ಮಳೆಗಾಲದಲ್ಲಿ ಮುಪ್ಪಿನಿಂದ ಸತ್ತಿತು. ದಿನಾ ಮುಂಜಾನೆ ಅದನ್ನು ಕರೆದುಕೊಂಡು ಊರ ಹೊರಗಿನ ಕೆರೆಯವರೆಗೆ ಹೋಗಿಬರುತ್ತಿದ್ದ ಅಜ್ಜ, ಅದು ಸತ್ತ ಮೇಲೆ ಪಡಸಾಲೆಯ ಕಂಬಕ್ಕೆ ಒರಗಿ ಕೂತುಬಿಟ್ಟ. ಚಪ್ಪಲಿ ಮೆಟ್ಟುವುದನ್ನೇ ಬಿಟ್ಟ. ಒಂದು ರೊಟ್ಟಿ ತಿಂದು ತಾಟು ಸರಿಸುತ್ತಿದ್ದ. ದೀಪಾವಳಿ ಕಳೆದರೂ ಹಾಗೇ ಇದ್ದ. ಹೊಸ ನಾಯಿ ಬೇಡವೇ ಬೇಡ ಎಂದು ಅಪ್ಪ ಹೇಳಿಯಾಗಿತ್ತು. ಆದರೆ ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಅವ್ವ ಕಾಕಾನನ್ನು ಅಡುಗೆಮನೆಗೆ ಕರೆದು, "ಮೋಟೆಬೆನ್ನೂರಾಗ ನಮ್ಮ ಅಕ್ಕನ ಮನ್ಯಾಗ ನಾಯಿ ಮರಿ ಹಾಕೇತಂತ. ಯಾರಿಗೂ ಹೇಳಬ್ಯಾಡ, ಒಂದು ತಂದಬಿಡು. ಇಲ್ಲಾಂದ್ರ ಮಾವಾರು ಹಾಸಗಿ ಹಿಡೀತಾರ" ಎಂದಳು. ಕಾಕಾ ಅಲ್ಲೇ ಕೂತಿದ್ದ ನನ್ನ ಕಡೆ ತಿರುಗಿ, "ನಡಿ ಅವ್ವಿ. ನೀ ಮರಿ ಹಿಡಕೋ, ನಾ ಗಾಡಿ ಹಿಡಕೋತೇನಿ" ಎಂದ.

ಮರಿ ತರಲಿಕ್ಕೆಂದು ಅವ್ವ ಒಂದು ಬಿದಿರಿನ ಬುಟ್ಟಿಗೆ ಹಳೆಯ ಸೀರೆಯ ಮೆತ್ತೆ ಹಾಸಿ ಕೊಟ್ಟಳು. ಆ ಬುಟ್ಟಿ ನನಗೆ ನಾಚಿಕೆ ತಂದಿತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬೈಕಿನಲ್ಲಿ ಕೂತು ಪೇಟೆಯ ನಡುವೆ ಹೋಗಬೇಕು, ಗೆಳತಿಯರು ಯಾರಾದರೂ ನೋಡಿ ನಾಳೆ ವರ್ಗದಲ್ಲಿ ನಗುತ್ತಾರೆ ಎಂಬುದಷ್ಟೇ ನನ್ನ ತಲೆಯಲ್ಲಿ. ಬುಟ್ಟಿಯನ್ನು ಹಿತ್ತಲ ಬಾಗಿಲಿನ ಹಿಂದೆ ಇಟ್ಟೆ. ಶೆಡ್ಡಿನೊಳಗೆ ಹೋಗಿ ಒಂದು ಖಾಲಿ ಚೀಲ ತೆಗೆದುಕೊಂಡು, ಸಣ್ಣದಾಗಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಂದೆ.

ಮೋಟೆಬೆನ್ನೂರಿನ ದೊಡ್ಡವ್ವನ ಮನೆಯ ಕೊಟ್ಟಿಗೆಯಲ್ಲಿ, ಜೋಳದ ಒಣ ಕಣಕಿಯ ಮೇಲೆ ಐದು ಮರಿಗಳು ಒಂದರ ಮೇಲೊಂದು ಬಿದ್ದು ಮಲಗಿದ್ದವು. ಅವುಗಳ ಹೊಟ್ಟೆ ಬಿಸಿಯಾಗಿತ್ತು, ಬಾಯಿಗೆ ಹಾಲಿನ ವಾಸನೆಯಿತ್ತು. ಕಣ್ಣು ತೆರೆದು ಎರಡು ಮೂರು ವಾರವಾಗಿತ್ತಷ್ಟೇ. ದೊಡ್ಡವ್ವ ಹೇಳಿದಳು, "ಒಂದ ಒಯ್ದ್ರ ತಾಯೀನ ನೆನಸಿ ಅಳತೈತಿ. ಎರಡು ಒಯ್ರಿ. ಒಂದಕ್ಕೊಂದು ಸಮಾಧಾನ ಮಾಡ್ಕೋತಾವು." ಆಮೇಲೆ ನನ್ನ ಕೈಗೆ ಹಾಲಿನಲ್ಲಿ ಅದ್ದಿದ ರೊಟ್ಟಿ ಕೊಟ್ಟು, ತಾಯಿನಾಯಿಯ ಮುಂದೆ ಕೂಡಿಸಿದಳು. ಬರಿಗೈಲೆ ಮರಿ ಒಯ್ಯಬಾರದು ಎಂಬುದು ಅವರ ಮನೆಯ ಪದ್ಧತಿ. "ಇದನ್ನ ತಿನ್ನಿಸಿ, ನಿನ್ನ ಮಕ್ಕಳ್ನ ಚೆಂದಾಗಿ ನೋಡ್ಕೋತೇನಿ ಅಂತ ಹೇಳು." ನಾನು ಹೇಳಿದೆ. ನಾಯಿ ರೊಟ್ಟಿ ತಿಂದು ನನ್ನ ಬೆರಳು ನೆಕ್ಕಿತು. ದೊಡ್ಡವ್ವ ಮಜ್ಜಿಗೆ ತರಲು ಒಳಗೆ ಹೋದಾಗ ನಾನು ಚೀಲ ಬಿಚ್ಚಿದೆ.

"ಬುಟ್ಟಿ ಎಲ್ಲಿ?" ಎಂದ ಕಾಕಾ.

"ಅದು ದೊಡ್ಡದಾತು ಕಾಕಾ. ಚೀಲ ಚಲೋ ಐತಿ."

ಅವನು ಚೀಲವನ್ನು ಎರಡು ಸಲ ಜಾಡಿಸಿ, ಒಳಗೆ ಇಣುಕಿ, ಮೂಗಿಗೂ ಹಿಡಿದು ನೋಡಿದ. "ಸ್ವಚ್ಛ ಐತಿ ಬಿಡು" ಎಂದ. ನಮ್ಮ ಮೂಗಿಗೆ ಅದು ಸ್ವಚ್ಛವಾಗಿಯೇ ಇತ್ತು.

ದಾರಿಯುದ್ದಕ್ಕೂ ಮರಿಗಳು ಕುಂಯ್‌ಗುಟ್ಟಿದವು. ತಾಯಿಯ ನೆನಪು ಎಂದುಕೊಂಡೆ. ಗಾಳಿಗೆ ಹೆದರಿ ಅವು ತಲೆ ಒಳಗೆ ಎಳೆದುಕೊಂಡಾಗ, ಬೆಚ್ಚಗಿರಲಿ ಎಂದು ಚೀಲದ ಬಾಯಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಮನೆ ಮುಟ್ಟಿ ಅಂಗಳದಲ್ಲಿ ಅವ್ವ ಚೀಲ ತೆರೆದಾಗ ಎರಡೂ ಮುಖವನ್ನು ನೆಲಕ್ಕೆ ಉಜ್ಜುತ್ತ ಗಿರಗಿರನೆ ಸುತ್ತತೊಡಗಿದವು. ಕಣ್ಣು ಬಾತು ಮುಚ್ಚಿಹೋಗಿದ್ದವು. ಅಜ್ಜ ಐದು ತಿಂಗಳ ನಂತರ ಮೊದಲ ಬಾರಿಗೆ ತಾನಾಗಿ ಎದ್ದು ಅಂಗಳಕ್ಕೆ ಬಂದ. ಚೀಲ ನೋಡಿದ, ಮರಿ ನೋಡಿದ.

"ಯಾವ ಸುಡಗಾಡ ಬುದ್ಧಿಲೇ ಈರ್ಯಾ ನಿಂದು! ಹಾಲು ಕುಡಿಯೂ ಕೂಸಿನ ಕಣ್ಣಿಗೆ ಖಾರ ಹಾಕ್ಕೊಂಡು ಬಂದೀಯಲ್ಲೋ!"

"ನಾ ಬುಟ್ಟಿ ಕೊಟ್ಟಿದ್ನೆಲ್ಲಾ?" ಎಂದಳು ಅವ್ವ.

ಕಾಕಾ ನನ್ನನ್ನು ನೋಡಿದ. ನಾನು ನೀರಿನ ತಂಬಿಗೆ ಹಿಡಿದು ಅವ್ವನ ಹಿಂದೆ ನಿಂತಿದ್ದೆ. "ಮರತ ಹೋತು ವೈನಿ" ಎಂದ.

ದನದ ದವಾಖಾನೆಯ ಡಾಕ್ಟರು ಹನಿ ಔಷಧ ಕೊಟ್ಟರು. ಕರಿಯ ಹೆಣ್ಣುಮರಿ ನಾಲ್ಕು ದಿನಕ್ಕೆ ಕಣ್ಣು ಬಿಟ್ಟಿತು. ಇನ್ನೊಂದು ಕೆಂಪು ಗಂಡುಮರಿ, ಅದಕ್ಕೆ ಕೆಂಚ ಎಂದು ಹೆಸರಿಟ್ಟಿದ್ದೆವು, ಅದರ ಎರಡೂ ಕಣ್ಣಿಗೆ ಹೂ ಬಿತ್ತು. ಹಾಲಿನ ಕೆನೆಯಂಥ ಬಿಳಿ ಪೊರೆ, ಅದು ಮತ್ತೆ ಹೋಗಲೇ ಇಲ್ಲ. ಅಜ್ಜನನ್ನು ಕಂಬದಿಂದ ಎಬ್ಬಿಸಿದ್ದು ಆ ಕುರುಡು ಮರಿಯೇ. ಅದರ ಕೊರಳಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡು, "ಇಲ್ಲಿ ತೆಗ್ಗೈತಿ ನೋಡಪಾ, ಇಲ್ಲಿ ಕಲ್ಲೈತಿ" ಎನ್ನುತ್ತ ದಿನಾ ಕೆರೆಯವರೆಗೆ ನಡೆದ. ಅವ್ವ ಬಯಸಿದ್ದು ಆಯಿತು. ಆದರೆ ಕೆಂಚ ಬಾಗಿಲಿಗೆ ತಲೆ ಬಡಿದುಕೊಂಡಾಗಲೆಲ್ಲ ಅಜ್ಜ ಕಾಕಾನ ಕಡೆ ನೋಡುತ್ತಿದ್ದ. ಯಾವ ಕೆಲಸ ಒಪ್ಪಿಸುವಾಗಲೂ, "ಕೆಂಚನ ಕಣ್ಣು ಕಾಯ್ದಂಗ ಕಾಯಬ್ಯಾಡ ಮತ್ತ" ಎನ್ನುತ್ತಿದ್ದ. ಮೊದಮೊದಲು ಕಾಕಾ ನಗುತ್ತಿದ್ದ. ಮೂರು ವರ್ಷದ ನಂತರ ಅವನು ಮನೆಯ ಮುಂದಿನ ಕೋಣೆಯಲ್ಲಿ ಬೀಜದ ಅಂಗಡಿ ಇಡುತ್ತೇನೆ ಎಂದು ಕೇಳಿದಾಗ, ಅಜ್ಜ ತಲೆ ಎತ್ತಲಿಲ್ಲ. "ಎರಡು ಮರಿ ಮನಿ ಮುಟ್ಟಸಾಕ ಆಗಲಿಲ್ಲ, ಅಂಗಡಿ ನಡಸ್ತಾನಂತ." ನಾನು ಅಲ್ಲೇ ಕೂತು ಲೆಕ್ಕ ಬಿಡಿಸುತ್ತಿದ್ದೆ. ಪುಟ ತಿರುವಿ ಮುಂದಿನ ಲೆಕ್ಕಕ್ಕೆ ಹೋದೆ. ಆ ಯುಗಾದಿ ಕಳೆದ ಮೇಲೆ ಕಾಕಾ ರಾಣೆಬೆನ್ನೂರಿಗೆ ಹೋಗಿ ಬೇರೆಯವರ ಬೀಜದ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಹಬ್ಬಕ್ಕೆ ಬರುತ್ತಿದ್ದ, ಊಟ ಮಾಡಿ ಹೋಗುತ್ತಿದ್ದ. ಅವನು ಮನೆಯಲ್ಲಿ ಮಲಗಿದ್ದನ್ನು ಆಮೇಲೆ ನಾನು ನೋಡಲಿಲ್ಲ.

ಅಜ್ಜನಿಗೆ ನಾನು ನಿಜ ಹೇಳಿದ್ದು ಎಂ.ಎ. ಎರಡನೆಯ ವರ್ಷದಲ್ಲಿ, ಮೇ ತಿಂಗಳ ರಜೆಗೆ ಬಂದಾಗ. ಅಷ್ಟರಲ್ಲಿ ಕೆಂಚನೂ ಇರಲಿಲ್ಲ, ಕರಿಯಾಕಿಯೂ ಇರಲಿಲ್ಲ. ಅಜ್ಜ ಮಂಚ ಹಿಡಿದಿದ್ದ. ಎಲ್ಲ ಕೇಳಿ, "ಫೋನ್ ಹಚ್ಚು ಅವಂಗ" ಎಂದ. ಹಚ್ಚಿ ಅಜ್ಜನ ಕಿವಿಗೆ ಹಿಡಿದೆ.

"ಊಟ ಆತೇನೋ?"

"ಆತಪ್ಪಾ. ನಿಂದು?"

"ನಂದೂ ಆತು." ಅಜ್ಜ ನನ್ನ ಕೈಯಿಂದ ಫೋನು ತೆಗೆದುಕೊಂಡ. "ಬಂದ ಹೋಗು ಒಮ್ಮೆ."

"ಬಿತ್ತಗಿ ಮುಗೀಲಿ, ಬರ್ತೇನಿ. ಈಗ ಅಂಗಡ್ಯಾಗ ನಿಂದ್ರಾಕ ಪುರಸೊತ್ತಿಲ್ಲ."

ಅಷ್ಟೇ. ಬಿತ್ತನೆ ಮುಗಿಯುವ ಮೊದಲೇ ಅಜ್ಜ ಹೋದ. ಮಣ್ಣಿಗೆ ಬಂದ ಕಾಕಾ ಅಳಲಿಲ್ಲ. ಅಜ್ಜ ಏನೋ ಹೇಳುವವನಿದ್ದನೇನು ಎಂದು ಅವ್ವನನ್ನು ಒಂದೇ ಸಲ ಕೇಳಿದ.

ಹೋದ ವರ್ಷ ಮನೆ ಮಾರಿದರು. ಅಪ್ಪ, ಅವ್ವ ಹಾವೇರಿಗೆ ಹೋದರು. ಸಾಮಾನು ಸಾಗಿಸುವ ದಿನ ಕಾಕಾ ಬಂದಿದ್ದ. ಖಾಲಿ ಪಡಸಾಲೆಯಲ್ಲಿ ನಾವಿಬ್ಬರೇ ಇದ್ದಾಗ ಕೇಳಿಯೇಬಿಟ್ಟೆ: "ಕಾಕಾ, ಆವತ್ತ ನೀ ಯಾಕ ಹೇಳಲಿಲ್ಲ, ಚೀಲ ತಂದಾಕಿ ಇಕಿ ಅಂತ?"

ಅವನು ಕಟ್ಟುತ್ತಿದ್ದ ಗಂಟನ್ನು ಬಿಗಿ ಮಾಡಿ ಹೇಳಿದ, "ನೀನ ಹೇಳ್ತೀ ಅಂತ ಕಾದೆ. ಸಣ್ಣ ಹುಡುಗಿ, ಅಂಜೇತಿ, ನಾಳೆ ಹೇಳತೈತಿ ಅಂತ ಒಂದು ವಾರ ಕಾದೆ. ಆಮ್ಯಾಲ ರೂಢಿ ಆತು."

ಸಿಟ್ಟಿನಿಂದ ಹೇಳಲಿಲ್ಲ. ಆ ಒಂದು ವಾರವನ್ನು ಈಗ ನಾನು ನೆನಪಿಸಿಕೊಳ್ಳಲು ನೋಡುತ್ತೇನೆ. ಹೆಚ್ಚೇನೂ ಸಿಗುವುದಿಲ್ಲ. ದಿನಾ ಮುಂಜಾನೆ ಕಾಕಾ ನನ್ನನ್ನು ಶಾಲೆಗೆ ಬಿಡುತ್ತಿದ್ದ. ಗೇಟಿನ ಮುಂದೆ ಇಳಿಸಿ ಕೂಡಲೇ ಹೋಗುತ್ತಿದ್ದವನು, ಆ ವಾರ ಮಾತ್ರ ಬೈಕು ಬಂದ್ ಮಾಡಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ನಾನು ತಿರುಗಿ ನೋಡದೆ ಒಳಗೆ ಹೋಗುತ್ತಿದ್ದೆ.