ರಕ್ತಕ್ಕೆ ಪಾಠ ಹತ್ತುವ ಹೊತ್ತು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಒಂದೇ ಒಂದು ದೀಪ. ಕಿಟಕಿಯ ಗಾಜಿಗೆ ಮಂಜು ಮೆತ್ತಿದೆ, ಹೊರಗಿನ ಬೀದಿ ಹಾಲಿನಲ್ಲಿ ಅದ್ದಿಟ್ಟಂತಿದೆ. ರಕ್ತ ತೆಗೆಯುವ ಹೆಂಗಸು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ತಣ್ಣನೆಯ ಬೆರಳು ತಾಗಿದರೆ ನರ ಒಳಗೆ ಸರಿದುಬಿಡುತ್ತದೆ ಎಂಬುದು ಅವರ ನಂಬಿಕೆ. ಆಮೇಲೆ ಗವಸು ತೊಟ್ಟು, ಎದುರಿನ ತೋಳನ್ನು ಮೆಲ್ಲಗೆ ಒತ್ತಿ, ಕಣ್ಣು ಮುಚ್ಚಿ ಹುಡುಕುತ್ತಾರೆ.

“ಇರುವೆ ಕಚ್ಚುತ್ತೆ, ಅಷ್ಟೇ.”

“ನಿಮ್ಮ ಇರುವೆಗೆ ಈಚೆಗೆ ಹಲ್ಲು ಬಂದಿದೆ ಅಕ್ಕ,” ಎನ್ನುತ್ತಾನೆ ತೋಳು ಕೊಟ್ಟ ಮುದುಕ.

“ಹಲ್ಲಲ್ಲಪ್ಪ, ಹಸಿವು. ಎದ್ದಾಗಿನಿಂದ ಏನೂ ತಿಂದಿಲ್ಲ ನಾನು.”

ಮುದುಕ ನಗುವಷ್ಟರಲ್ಲಿ ಕೊಳವೆ ತುಂಬಿರುತ್ತದೆ. ಎಲ್ಲರೂ ಅವರನ್ನು ಕರೆಯುವುದು ಇರುವೆ ಅಕ್ಕ ಎಂದೇ.

ಇದು ಎಚ್‌ಐವಿ ಇರುವವರು ಬಂದುಹೋಗುವ ಕೋಣೆ. ಮಾತ್ರೆ ಸರಿಯಾಗಿ ನುಂಗಿ, ದುಡಿದು, ಮಕ್ಕಳನ್ನು ಬೆಳೆಸಿ, ವಯಸ್ಸಾಗುತ್ತಿರುವವರು. ಇರುವೆ ಅಕ್ಕನ ಗಂಡ ಮಾತ್ರ ಅಕ್ಕಪಕ್ಕದವರಿಗೆ ತನ್ನ ಹೆಂಡತಿ ಸಕ್ಕರೆ ಕಾಯಿಲೆಯ ವಿಭಾಗದಲ್ಲಿದ್ದಾಳೆ ಎಂದು ಹೇಳಿಟ್ಟಿದ್ದಾರೆ. ಹಾಗಾಗಿ ಸಂಜೆ ಮನೆಗೆ ಹೋದರೆ ಬಾಗಿಲಲ್ಲಿ ಯಾರಾದರೊಬ್ಬರು ಬಾಳೆಹಣ್ಣು ತಿನ್ನಬಹುದೇ ಎಂದು ಕೇಳಲು ನಿಂತಿರುತ್ತಾರೆ. “ಅರ್ಧ ತಿನ್ನಿ ಅಂತೀನಿ. ಇನ್ನೇನು ಹೇಳ್ಲಿ? ಒಂದು ಸುಳ್ಳು ಕಟ್ಕೊಂಡ್ರೆ ಅದರ ಬಂಧು ಬಳಗಾನೂ ಸಾಕಬೇಕು.”

ಮೊದಲು ಅವರು ಇಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದರು. ಈ ಕೋಣೆಯಲ್ಲಿ ಸೂಜಿ ಹಿಡಿಯಲು ಉಳಿದವರು ಹಿಂದೇಟು ಹಾಕಿದ ಕಾಲವದು. ಹಳೆಯ ತಂತ್ರಜ್ಞರೊಬ್ಬರು ಇವರನ್ನು ಕೂರಿಸಿಕೊಂಡು ಕಲಿಸಿದರು, ತರಬೇತಿಗೂ ಕಳಿಸಿದರು. ಆಗ ತಂಗಿ ಇವರ ಮನೆಯ ನೀರು ಕುಡಿಯುವುದನ್ನು ಬಿಟ್ಟಳು. ಈಗ ಬರುತ್ತಾಳೆ, ಊಟವನ್ನೂ ಮಾಡುತ್ತಾಳೆ. ಆ ವರ್ಷಗಳ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ರಕ್ತದ ಕೊಳವೆಗಳು ಯಂತ್ರದೊಳಗೆ ಗಿರ್ರನೆ ತಿರುಗುತ್ತವೆ. ನಿಂತಾಗ ಕೆಂಪು ಕೆಳಗೆ ಇಳಿದಿರುತ್ತದೆ, ಮೇಲೆ ಒಣಹುಲ್ಲಿನ ಬಣ್ಣದ ತಿಳಿ. ಕಿಟಕಿಯ ಬೆಳಕಿಗೆ ಹಿಡಿದರೆ ಅದರೊಳಗೆ ಇನ್ನೊಂದು ಬೆಳಗು ಕಾಣುತ್ತದೆ. ರೋಗಾಣುವನ್ನು ಎದುರಿಸುವ ಪ್ರತಿಕಾಯಗಳನ್ನು ಹುಡುಕುವುದು ಈ ತಿಳಿಯಲ್ಲೇ.

ಪ್ರತಿಕಾಯ ತಯಾರಿಸುವುದು ರಕ್ತದ ಬಿಳಿ ಕಣಗಳಾದ ಬಿ ಕೋಶಗಳ ಕೆಲಸ. ಒಮ್ಮೆ ಕಂಡ ರೋಗಾಣುವನ್ನು ನೆನಪಿಡುವುದೂ ಅವುಗಳ ಕೆಲಸವೇ. ಲಸಿಕೆ ಎಂದರೆ ರೋಗ ಬರುವ ಮುಂಚೆಯೇ ಅವಕ್ಕೆ ಹೇಳಿಕೊಡುವ ಪಾಠ. “ಎಚ್‌ಐವಿ ಸಾಮಾನ್ಯವಾಗಿ ಬಿ ಕೋಶದ ಒಳಗೆ ಹೋಗೋದಿಲ್ಲ,” ಎನ್ನುತ್ತಾರೆ ಇಲ್ಲಿಯ ಡಾಕ್ಟರು. “ಅದಕ್ಕೆ ಕಲಿಸಿಕೊಡೋ ಸಹಾಯಕ ಟಿ ಕೋಶಗಳನ್ನ ಕೊಲ್ಲುತ್ತೆ. ಮೇಷ್ಟ್ರೇ ಇಲ್ಲದ ತರಗತಿ ಆಗುತ್ತೆ. ಜೊತೆಗೆ ವೈರಸ್ಸಿನ ಗದ್ದಲಕ್ಕೆ ಬಿ ಕೋಶಗಳು ಸದಾ ಎಚ್ಚರ. ಗುರಿ ಇಲ್ಲದೆ ರಾಶಿ ರಾಶಿ ಪ್ರತಿಕಾಯ ಸುರಿಸಿ ದಣಿಯುತ್ವೆ. ನೆನಪಿಡೋ ಕೋಶಗಳು ಕಡಿಮೆ ಆಗುತ್ವೆ. ಬೇಗ ಮಾತ್ರೆ ಶುರು ಮಾಡಿದ್ರೆ ಬಹಳಷ್ಟು ಉಳಿಯುತ್ತೆ. ತಡವಾದ್ರೆ ಪೂರ್ತಿ ಮರಳೋದು ಕಷ್ಟ.”

ಇರುವೆ ಅಕ್ಕ ಇದನ್ನು ತಮ್ಮ ರೀತಿಯಲ್ಲಿ ಹೇಳುತ್ತಾರೆ. “ನಿದ್ದೆಗೆಟ್ಟ ಮಕ್ಕಳಿಗೆ ಮಗ್ಗಿ ಹೇಳ್ಕೊಟ್ಟ ಹಾಗೆ. ಕೂಗಾಟ ಜಾಸ್ತಿ, ತಲೆಗೆ ಹತ್ತೋದು ಕಮ್ಮಿ.”

‘ಹತ್ತುವುದು’ ಈ ಕೋಣೆಯ ಪದ. ಅದು ಬಂದದ್ದು ಒಬ್ಬ ಹೆಂಗಸಿನಿಂದ.

ಅವಳು ಲಾಂಡ್ರಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ಎಚ್‌ಐವಿ ಇದೆ, ತಡವಾಗಿ ಗೊತ್ತಾದದ್ದು. ಗಂಡ ಹಾಸಿಗೆ ಹೊಲಿಯುವವನು. ಅವನಿಗಿರುವುದು ಯಕೃತ್ತಿನ ಸೋಂಕು, ಹೆಪಟೈಟಿಸ್ ಬಿ. ಇದೇ ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾಗಿ, ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ತಿಳಿದೇ ಮದುವೆಯಾದರು. ಎಚ್ಚರಿಕೆಯಿಂದಿದ್ದರೆ ಸಾಕು, ಪಕ್ಕದಲ್ಲಿ ಮಲಗಿದರೆ ಅಂಟುವುದಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಅವಳಿಗೆ ಹೆಪಟೈಟಿಸ್ ಬಿ ಲಸಿಕೆ ಫಲ ಕೊಡುವವರೆಗೂ ಬೇರೆ ಕೋಣೆ ಎಂದ. ಊರಿಗೆಲ್ಲ ಹಾಸಿಗೆ ಹೊಲಿಯುವವನು ತಾನು ಅಡುಗೆಮನೆಯ ಚಾಪೆ ಸೇರಿದ.

ಮೊದಲ ಸುತ್ತಿನ ಲಸಿಕೆಯ ನಂತರ ಪ್ರತಿಕಾಯದ ಪರೀಕ್ಷೆಯಾಯಿತು. ಕಿಂಡಿಯಲ್ಲಿದ್ದ ಹೊಸಬ ಫಲಿತಾಂಶ ನೋಡಿ “ನೆಗೆಟಿವ್” ಎಂದ. ಆ ಪದ ತನಗೆ ಸಿಗಲೆಂದು ವರ್ಷಗಟ್ಟಲೆ ಹಂಬಲಿಸಿದವಳು. ಓಡಿಹೋಗಿ ಸಿಹಿ ತಂದಳು. ಬೆಂಚಿನಲ್ಲಿದ್ದ ಎಲ್ಲರಿಗೂ ಹಂಚಿದಳು. ಇರುವೆ ಅಕ್ಕನ ಬಾಯಿಗೂ ಇಟ್ಟಳು. ಈ ಪರೀಕ್ಷೆಯಲ್ಲಿ ನೆಗೆಟಿವ್ ಎಂದರೆ ಪ್ರತಿಕಾಯ ಹುಟ್ಟಿಲ್ಲ ಎಂದರ್ಥ.

“ಬಾಯಲ್ಲಿ ಸಿಹಿ ಇಟ್ಕೊಂಡೇ ಹೇಳ್ಬೇಕಾಯ್ತು. ಹತ್ತಿಲ್ಲ ಕಣೇ, ಪಾಠ ಇನ್ನೂ ಹತ್ತಿಲ್ಲ, ಮತ್ತೆ ಹೇಳ್ಕೊಡೋಣ ಅಂದೆ. ಅಲ್ಲಿಂದ ಈಚೆಗೆ ಆ ಇಂಗ್ಲಿಷ್ ಪದಾನೂ ಅದರ ಜೋಡಿ ‘ಪಾಸಿಟಿವ್’ ಅನ್ನೋದನ್ನೂ ಈ ಬಾಗಿಲ ಒಳಗೆ ಬಿಟ್ಕೊಂಡಿಲ್ಲ.”

ಎರಡನೆಯ ಸುತ್ತಿನಲ್ಲಿ ಡಾಕ್ಟರು ಪ್ರತಿ ಸಲವೂ ದುಪ್ಪಟ್ಟು ಲಸಿಕೆ ಕೊಡಿಸಿದ್ದಾರೆ. ಇಂದು ಅದರ ಫಲಿತಾಂಶ. ಗಂಡಹೆಂಡತಿ ಬೆಂಚಿನ ಎರಡು ತುದಿಗಳಲ್ಲಿ ಕೂತಿದ್ದಾರೆ. ಅವನ ಅಂಗಿಯ ತೋಳಿಗೆ ಹತ್ತಿಯ ಎಳೆಗಳು ಅಂಟಿಕೊಂಡಿವೆ. ಮಂಜು ಕರಗಿ ಬಿಸಿಲು ನೆಲದ ಮೇಲೆ ನಿಧಾನವಾಗಿ ಹರಡುತ್ತಿದೆ.

ಒಳಗಿನಿಂದ ಡಾಕ್ಟರು ಬಂದು ಇರುವೆ ಅಕ್ಕನಿಗೆ ಏನೋ ಹೇಳಿ, ನೀವೇ ತಿಳಿಸಿ ಎಂದು ನಕ್ಕು ಹೋಗುತ್ತಾರೆ.

“ಹತ್ತಿದೆ,” ಎನ್ನುತ್ತಾರೆ ಇರುವೆ ಅಕ್ಕ.

ಅವಳು ಅಲುಗಾಡುವುದಿಲ್ಲ. “ಇನ್ನೊಂದ್ಸಲ ಹೇಳಿ.”

“ಹತ್ತಿದೆ ಕಣೇ. ಚೆನ್ನಾಗೇ ಹತ್ತಿದೆ.”

ಹಾಸಿಗೆಯವನು ಬೆಂಚಿನ ಆ ತುದಿಯಿಂದ ಕೇಳುತ್ತಾನೆ. “ಎಷ್ಟು ಕಾಲ ಇರುತ್ತಕ್ಕ?”

“ಅದನ್ನ ಹೇಳಕ್ಕೆ ಡಾಕ್ಟ್ರಿಗೂ ಆಗಲ್ಲ. ಇವಳ ಮೈಗೆ ಮರೆವು ಜಾಸ್ತಿ. ವರ್ಷ ವರ್ಷ ಬಂದು ನೋಡ್ಕೋಬೇಕು. ಮರೆತಿದ್ರೆ ಮತ್ತೆ ಹೇಳ್ಕೊಟ್ಟರಾಯ್ತು.”

“ಅಂದ್ರೆ ಇವತ್ತು…”

“ಇವತ್ತು ಅಡುಗೆಮನೆ ಖಾಲಿ ಮಾಡಯ್ಯ, ಪಾಪ, ಇವಳು ಒಗ್ಗರಣೆ ಎಲ್ಲಿ ಹಾಕ್ಬೇಕು?”

ಬೆಂಚಿನವರೆಲ್ಲ ನಗುತ್ತಾರೆ. ಅವನು ಎದ್ದು ಬಂದು ಹೆಂಡತಿಯ ಪಕ್ಕ ಕೂರುತ್ತಾನೆ. ತೋಳಿಗೆ ತೋಳು ತಾಗುವಷ್ಟು ಹತ್ತಿರ. ಅವಳು ಅವನ ಅಂಗಿಯ ಎಳೆಗಳನ್ನು ಒಂದೊಂದಾಗಿ ಬಿಡಿಸತೊಡಗುತ್ತಾಳೆ.

ಮುಂದಿನ ತೋಳು ಕಾಯುತ್ತಿದೆ. ಇರುವೆ ಅಕ್ಕ ಮತ್ತೆ ಅಂಗೈ ಉಜ್ಜಿಕೊಳ್ಳುತ್ತಾರೆ. ನಿಮಗೇನು ಆಸೆ ಎಂದು ಬೆಂಚಿನವರು ಕೇಳಿದರೆ ಬಾಗಿಲಾಚೆ ಹೋಗುತ್ತಿರುವ ಆ ಇಬ್ಬರನ್ನು ನೋಡುತ್ತಾ ಹೇಳುತ್ತಾರೆ.

“ಬರೋ ವರ್ಷ ರಕ್ತ ಕೊಡಕ್ಕೆ ಬಂದಾಗ ಅವಳು ಬೈಕೊಂಡು ಬರ್ಲಿ. ಇವರ ಗೊರಕೆ ತಡಿಯಕ್ಕಾಗಲ್ಲ ಅಕ್ಕ, ರಾತ್ರಿಯೆಲ್ಲಾ ನಿದ್ದೆ ಇಲ್ಲ ಅನ್ಲಿ. ಅಷ್ಟು ಕೇಳಿದ್ರೆ ಸಾಕು ನನಗೆ.”