ಮಿಕ್ಸರಿನ ಆಹೇರ

ಸಂತಪುರದ ಸುವರ್ಣಕ್ಕ ಮೊಬೈಲಿನಲ್ಲಿ ಅಡಿಗೆ ಮಾಡಿ ತೋರಿಸುತ್ತಾರೆ. ಅವರು ಹೇಳಿದ್ದನ್ನೇ ಹುಡುಕಿಕೊಂಡು ಔರಾದದಿಂದ ಬೀದರದ ನಮ್ಮ ಪಾತ್ರೆ ಅಂಗಡಿತನಕ ಹೆಣ್ಣುಮಕ್ಕಳು ಬರುತ್ತಾರೆ. ಅದಕ್ಕೇ ಸೇಠರು ಅವರಿಗೊಂದು ಮಿಕ್ಸರ್ ಪುಕ್ಕಟೆ ಕೊಟ್ಟು ಬಾ ಎಂದು ನನ್ನನ್ನು ಕಳಿಸಿದರು.

"ಅಕ್ಕಾರ, ಪುಕ್ಕಟ ಬಂದದ ಅಂತ ಹೇಳಬ್ಯಾಡ್ರಿ. ನೀವೇ ತಗೊಂಡಂಗ ಇರ್ಲಿ" ಎಂದೆ.

ಅಕ್ಕ ಅದರಲ್ಲಿ ಒಂದಿಷ್ಟು ಶೇಂಗಾ ಚಟ್ನಿಪುಡಿ ತಿರುವಿ ನೋಡಿದರು. ಲೈವ್ ಹಚ್ಚಿ, ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಮದುವೆ ಹಂದರದಲ್ಲಿ ಉಡುಗೊರೆ ಕೂಗಿ ಹೇಳುವವರ ದನಿಯಲ್ಲಿ ಶುರುಮಾಡಿದರು: "ಬೀದರದ ಅಂಗಡಿ ಸೇಠರಿಂದ ನನಗ ಒಂದು ಮಿಕ್ಸರ್ ಆಹೇರ ಬಂದದ್ರೀ! ಶೇಂಗಾ ಹಿಂಡಿ ಚೊಲೊ ಆಗ್ತದ. ಆದ್ರ ಸಪ್ಪಳ ಭಾಳ ಮಾಡ್ತದ."

ನನ್ನ ನೌಕರಿ ಹೋಯಿತೆಂದೇ ತಿಳಿದೆ. "ಹಿಂಗ್ಯಾಕ ಮಾಡಿದ್ರಿ ಅಕ್ಕಾರ?"

"ಮಂದಿ ಮುಂದ ಕೂಗಿ ಹೇಳದಿದ್ರ ಅದು ಆಹೇರ ಹ್ಯಾಂಗ ಆಗ್ತದೋ ತಮ್ಮಾ?" ಎಂದು ನಕ್ಕರು. ಲೈವ್ ನಡೆದಿರುವಾಗಲೇ, ಆಹೇರ ಕೊಟ್ಟವರಿಗೆ ಮರ್ಯಾದೆ ಮಾಡುವಂತೆ, ನನ್ನ ಹೆಗಲಿಗೊಂದು ಟಾವೆಲ್ ಹೊದಿಸಿ, ಕೈಯಲ್ಲಿ ಟೆಂಗಿನಕಾಯಿ ಇಟ್ಟರು. ಊರೆಲ್ಲ ನೋಡುತ್ತಿರುವಾಗ ಇಷ್ಟು ಸಲೀಸಾಗಿ ಖರೆ ಹೇಳಿದವರನ್ನು ನಾನು ಕಂಡಿರಲಿಲ್ಲ. ಬೆರಗಿನಲ್ಲಿ ಕೈ ಮುಗಿಯುವುದನ್ನೂ ಮರೆತೆ.

ಮರುದಿನ ಸೇಠರು ಬೈಯಲಿಲ್ಲ. ಲೈವ್ ಅವರೂ ನೋಡಿದ್ದರು. ಕೇಳಿದ್ದು ಒಂದೇ ಮಾತು: "ಮಿಕ್ಸರ್ ನಂದು ಅಂದ ಮ್ಯಾಲ ಆ ಟೆಂಗಿನಕಾಯಿ ಎಲ್ಲಿ ಅದನೋ?"